ಜೆಟ್ ತಾತನ ತೆರೆದ ಬಾಯಿ

ತೊಂಬತ್ತು ದಾಟಿದ ಮುದುಕರೊಬ್ಬರು ಫುಟ್‌ಪಾತಿನ ಮೇಲೆ ನಿಧಾನವಾಗಿ ನಡೆದು ಬರುತ್ತಿದ್ದಾರೆ. ಮೇಲೆ ಜೆಟ್ ವಿಮಾನವೊಂದು ಗುಡುಗಿಕೊಂಡು ಹೋಗುತ್ತದೆ. ತಕ್ಷಣ ಅವರು ಪಕ್ಕದ ಗೋಡೆಗೆ ಸರಿದು ಬಗ್ಗುತ್ತಾರೆ. ಎರಡೂ ಕಿವಿಗೆ ಬೆರಳು ಹಾಕಿಕೊಂಡು, ಡೆಂಟಿಸ್ಟ್ ಮುಂದೆ ಕೂತವರ ಹಾಗೆ ಬಾಯಿ ತೆರೆಯುತ್ತಾರೆ. ವಿಮಾನ ದೂರವಾದ ಮೇಲೆ ನೆಟ್ಟಗಾಗಿ, ಟೋಪಿ ಸರಿಮಾಡಿಕೊಂಡು, ಏನೂ ಆಗಿಲ್ಲವೆಂಬಂತೆ ಮುಂದೆ ಹೊರಡುತ್ತಾರೆ.

ಮಿಮಿಕ್ರಿಯ ಚಟ ಇರುವವನು ಇದನ್ನು ತನ್ನ ಬಾಲ್ಕನಿಯಿಂದ ನೋಡಿದರೆ ಸುಮ್ಮನಿರುತ್ತಾನಾ?

ನಾನು ಸುಮ್ಮನಿರಲಿಲ್ಲ.

ನನ್ನ ವಿಷಯ ನಿಮಗೆ ಹೊಸದಲ್ಲ. ನಾನು ಯಾರನ್ನೂ ಬಿಟ್ಟವನಲ್ಲ, ನನ್ನನ್ನೂ ಸೇರಿಸಿ. (ಮ್ಯಾನೇಜರ್ ಹತ್ತಿರ ಸಂಬಳ ಹೆಚ್ಚಿಸಿ ಎಂದು ಕೇಳುವಾಗ ಹೊರಡುವ ನನ್ನದೇ ಕೀರಲು ದನಿ ನನ್ನ ಹಿಟ್ ಐಟಂ.) ಈ ಪರದೇಶದಲ್ಲಿ ನಾನಿರುವ ಯೂನಿವರ್ಸಿಟಿ ಸಿಟಿ ಎಂಬ ಬಡಾವಣೆಯ ಮೇಲೆ ಹತ್ತಿರದ ಸೇನಾ ನೆಲೆಯ ಜೆಟ್‌ಗಳು ಹಾರುತ್ತಲೇ ಇರುತ್ತವೆ. ವಾರಕ್ಕೆರಡು ದಿನ ನನಗೆ ಮನೆಯಿಂದ ಕೆಲಸ. ಹಾಗಾಗಿ ಆ ಮುದುಕರನ್ನು, ಕೆಳಗಿನ ಮನೆಯ ಚೀನಾದ ಜೌ ತಾತನನ್ನು, ನೋಡಿ ನೋಡಿ ಕಲಿತೆ. ಐಟಂಗೆ ಹೆಸರನ್ನೂ ಇಟ್ಟೆ: ‘ಜೆಟ್ ತಾತ’.

ಮೊದಲ ಪ್ರದರ್ಶನ ಟೊರೆನ್ಸ್‌ನಲ್ಲಿ, ಗೆಳೆಯನ ಮನೆಯಲ್ಲಿ. ಭಾನುವಾರದ ಊಟಕ್ಕೆ ನಮ್ಮವರೆಲ್ಲ ಸೇರಿದ್ದೆವು. ನಾನು ಎರಡೂವರೆ ಗಂಟೆ ಟ್ರಾಫಿಕ್ಕಿನಲ್ಲಿ ತೆವಳಿ ಹೋಗಿದ್ದೆ. ಆ ಸುಸ್ತಿಗೆ ಚಪ್ಪಾಳೆಯಾದರೂ ಬೇಡವೇ? ಗೋಡೆಗೆ ಒರಗಿದೆ, ಬಗ್ಗಿದೆ, ಬಾಯಿ ತೆರೆದೆ. ಜೆಟ್ಟಿನ ಸದ್ದನ್ನೂ ನಾನೇ ಮಾಡಿದೆ. ಮನೆಯೆಲ್ಲ ಬಿದ್ದು ಬಿದ್ದು ನಕ್ಕಿತು. ಹುಬ್ಬಳ್ಳಿ ಕಡೆಯ ಅಂಕಲ್ ಒಬ್ಬರು ಕಣ್ಣೊರೆಸಿಕೊಳ್ಳುತ್ತ, “ತಮ್ಮಾ, ಇನ್ನೊಂದ್ಸಲ ಮಾಡಪಾ, ನಮ್ಮಾಕಿ ಒಳಗಿದ್ಲು, ನೋಡಿಲ್ಲ” ಅಂದರು. ಇನ್ನೊಮ್ಮೆ ಮಾಡಿದೆ. ಅವರು ವಿಡಿಯೊ ತೆಗೆದು ನನಗೂ ಕಳಿಸಿದರು. ನಲವತ್ತು ಸೆಕೆಂಡು.

ಅಷ್ಟಕ್ಕೆ ನಿಲ್ಲಿಸಬಹುದಿತ್ತು. ಆದರೆ ಹೊಗಳಿಕೆಯ ಹಸಿವು ನೋಡಿ.

ತಾತನ ಮಗಳು ಲಿಲಿ ನನ್ನ ಆಫೀಸಿನವರೇ. ಅರವತ್ತರ ಹತ್ತಿರದ, ಮೆಲುಮಾತಿನ ಹೆಂಗಸು. ನಾವಿಬ್ಬರೂ ಕಾರ್ಲ್ಸ್‌ಬಾಡ್‌ಗೆ ಕೆಲಸಕ್ಕೆ ಒಂದೇ ಕಾರಿನಲ್ಲಿ ಹೋಗುತ್ತೇವೆ. ಸೋಮವಾರ ಬೆಳಿಗ್ಗೆ ಅವರು ಕಾರು ಹತ್ತುತ್ತಿದ್ದಂತೆ ನಾನು ವಿಡಿಯೊ ತೋರಿಸಿದೆ. ಅಪ್ಪನನ್ನು ಗುರುತು ಹಿಡಿದು ನಗುತ್ತಾರೆ ಅಂದುಕೊಂಡಿದ್ದೆ. ಗುರುತು ಹಿಡಿದರು, ನಗಲಿಲ್ಲ. ಎರಡನೇ ಸಲ ನೋಡಿದರು. ಆಮೇಲೆ, “ಅಪ್ಪ ಹೀಗೆ ಎಲ್ಲಿ ಮಾಡ್ತಾರೆ?” ಎಂದು ಕೇಳಿದರು.

ರಸ್ತೆಯಲ್ಲಿ, ಜೆಟ್ ಬಂದಾಗಲೆಲ್ಲ, ಅಂದೆ. ಅವರಿಗೆ ಗೊತ್ತೇ ಇರಲಿಲ್ಲ. ತಾತ ವಾಕಿಂಗ್ ಹೊರಡುವ ಹೊತ್ತಿಗೆ ಅವರು ಆಫೀಸಿನಲ್ಲಿರುತ್ತಾರೆ.

ಆ ಗುರುವಾರ ಜೆಟ್‌ಗಳು ಬಂದವು, ಫುಟ್‌ಪಾತಿನ ಮೇಲೆ ತಾತ ಇರಲಿಲ್ಲ. ಶುಕ್ರವಾರವೂ ಇಲ್ಲ. ಫೋನ್ ಮಾಡಿದರೆ ಲಿಲಿ ಹೇಳಿದ್ದು ಇಷ್ಟು: ಅಪ್ಪನಿಗೆ ಫಿಟ್ಸ್ ಇರಬಹುದು, ಇಲ್ಲವೇ ಬುದ್ಧಿ ಮಂಕಾಗುತ್ತಿರಬಹುದು. ನರರೋಗದ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಗುವುದಕ್ಕೆ ಆರು ವಾರ. ಅಲ್ಲಿಯವರೆಗೆ ಒಬ್ಬರೇ ಹೊರಗೆ ಹೋಗುವಂತಿಲ್ಲ. ಕೊನೆಗೆ, “ನೀನು ತೋರಿಸಿದ್ದು ಒಳ್ಳೇದಾಯ್ತು, ಥ್ಯಾಂಕ್ಸ್” ಅಂದರು.

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಥ್ಯಾಂಕ್ಸ್ ಅಂದರೆ ಏನು ಮಾಡುವುದು? ದಿನಕ್ಕೆ ಅರ್ಧ ಗಂಟೆಯ ನಡಿಗೆ. ಆ ಮುದುಕರಿಗೆ ಸ್ವಂತದ್ದು ಅಂತ ಇದ್ದದ್ದು ಅದೊಂದೇ. ಅದನ್ನು ನಾನು ಕಿತ್ತುಕೊಂಡಿದ್ದೆ.

ಶನಿವಾರ ಚಕ್ಕುಲಿ ಡಬ್ಬಿ ಹಿಡಿದು ಅವರ ಮನೆಗೆ ಹೋದೆ. (ತಪ್ಪೊಪ್ಪಿಗೆಗೂ ತಿಂಡಿ ಬೇಕು ನಮಗೆ.) ಆ ಮಿಮಿಕ್ರಿಗೆ ನಾನೇ ಸ್ವಲ್ಪ ಉಪ್ಪು ಖಾರ ಸೇರಿಸಿದ್ದೆ ಎಂದು ಲಿಲಿಗೆ ವಿವರಿಸುತ್ತಿದ್ದಾಗ ತಾತ ವಿಡಿಯೊ ತೋರಿಸು ಎಂದು ಕೈ ಚಾಚಿದರು. ಅವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಆದರೆ ಸಾಕಾಗುವಷ್ಟಿದೆ. ಪೂರ್ತಿ ನೋಡಿದರು. ಎದ್ದು ಬಂದು ನನ್ನ ಗಲ್ಲ ಹಿಡಿದು ಕೆಳಕ್ಕೆ ಎಳೆದರು.

“ಬಾಯಿ ಇನ್ನೂ ಅಗಲ. ಇಷ್ಟೇ ತೆರೆದರೆ ಕಿವಿ ತಮಟೆ ಹರಿದುಹೋಗುತ್ತೆ.”

ಅವರು ನನ್ನ ತಪ್ಪು ತಿದ್ದುತ್ತಿದ್ದರು. ಬಾಂಬ್ ಬಿದ್ದಾಗ ಹೇಗೆ ನಿಲ್ಲಬೇಕೆಂದು ಚೀನಾದ ಚೊಂಗ್‌ಚಿಂಗ್ ಊರಿನ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟ ಪಾಠವಂತೆ ಅದು. ಆಗ ತಾತನಿಗೆ ಏಳು ವರ್ಷ. ಆಕಾಶ ತಿಳಿಯಾಗಿದ್ದ ದಿನ ಜಪಾನಿನ ವಿಮಾನಗಳು ಬಂದೇ ಬರುತ್ತಿದ್ದವು. ಊರಿಗೆ ಊರೇ ಗುಹೆಗಳಿಗೆ ಓಡುತ್ತಿತ್ತು. ಓಡಲಾಗದವರು ಗೋಡೆ ಹುಡುಕುತ್ತಿದ್ದರು.

ಫಿಟ್ಸೂ ಅಲ್ಲ, ಮರೆವೂ ಅಲ್ಲ. ಆ ಮನೆಯಲ್ಲಿ ಅವರಷ್ಟು ನೆನಪಿರುವವರು ಇನ್ನೊಬ್ಬರಿರಲಿಲ್ಲ.

ಆಗ ನಿಮ್ಮಪ್ಪ ಎಲ್ಲಿದ್ದರು ಎಂದು ತಾತನನ್ನು ಕೇಳಿದೆ. ತಾತ ಟೇಬಲ್ ಮೇಲೆ ನನ್ನ ಚಕ್ಕುಲಿ ಮುರಿದು ಚೀನಾದ ಸೈನ್ಯ ಮಾಡಿದರು. ಕಡಲೆಕಾಯಿ ಬೀಜ ಜಪಾನಿನದು. ಶಾಂಘೈಯಲ್ಲಿ ಬೇಗ ಮುಗಿಸುತ್ತೇವೆ ಅಂದುಕೊಂಡ ಜಪಾನಿನವರನ್ನು ಚೀನಾದವರು ಮೂರು ತಿಂಗಳು ತಡೆದರು. ಆಮೇಲೆ ಶಾಂಘೈ ಕೈಬಿಟ್ಟು ಹೋಯಿತು. ನಾನ್‌ಜಿಂಗ್ ಹೋಯಿತು, ಅಲ್ಲಿ ನಡೆದದ್ದನ್ನು ಹೇಳುವುದಿಲ್ಲ ಅಂದರು. ವುಹಾನ್ ಹೋಯಿತು. ಚಾಂಗ್ಶಾ ಮೂರು ಸಲ ಉಳಿಯಿತು, ನಾಲ್ಕನೇ ಸಲ ಉಳಿಯಲಿಲ್ಲ. ಕೊನೆಗೆ ಹೆಂಗ್‌ಯಾಂಗ್. ನಲವತ್ತೇಳು ದಿನ ಮುತ್ತಿಗೆ. ಅಲ್ಲೊಂದು ಚಿಕ್ಕ ಚೂರು ಇಟ್ಟು, ಅದು ನಮ್ಮಪ್ಪ, ಅಂದರು. ಅಪ್ಪ ವಾಪಸ್ ಬರಲಿಲ್ಲ.

ನನ್ನ ನಾಲಿಗೆ ಆಗಲಾದರೂ ಸುಮ್ಮನಿರಬೇಕಿತ್ತು. “ಹಾಗಾದರೆ ಸೋತಿರಿ?” ಎಂದು ಕೇಳಿಯೇಬಿಟ್ಟೆ.

“ಸೋತೆವು. ಆದರೆ ಇವರನ್ನು ಬಿಡಲಿಲ್ಲ” ಎಂದು ಕಡಲೆಕಾಯಿ ಬೀಜದ ರಾಶಿ ತೋರಿಸಿದರು. “ವರ್ಷಗಟ್ಟಲೆ ಇಲ್ಲೇ ಸಿಕ್ಕಿಕೊಂಡಿದ್ದರು. ಬಿಟ್ಟಿದ್ದರೆ ಎಲ್ಲಿಗೆ ಹೋಗುತ್ತಿದ್ದರು?” ಒಂದು ಹಿಡಿ ಬೀಜವನ್ನು ಬರ್ಮಾ ದಾಟಿಸಿ ಟೇಬಲ್ಲಿನ ಈ ಅಂಚಿಗೆ, ನನ್ನ ಮಡಿಲ ಹತ್ತಿರಕ್ಕೆ ತಳ್ಳಿದರು. “ನಿನ್ನ ಮನೆಗೆ.”

ನಮ್ಮ ಪಠ್ಯಪುಸ್ತಕದಲ್ಲಿ ಎರಡನೇ ಮಹಾಯುದ್ಧ ಶುರುವಾಗುವುದು 1939ರಲ್ಲಿ, ಪೋಲೆಂಡಿನಲ್ಲಿ. ತಾತನ ಮನೆಯಲ್ಲಿ ಅದು ಎರಡು ವರ್ಷ ಮೊದಲೇ ಬಾಗಿಲಿಗೆ ಬಂದಿತ್ತು. ಸಿನಿಮಾ ನೋಡಿ ನೋಡಿ ಜರ್ಮನ್ ಜನರಲ್‌ಗಳ ದನಿಯನ್ನೂ ಮಾಡಬಲ್ಲ ನನಗೆ ಹೆಂಗ್‌ಯಾಂಗ್ ಎಂಬ ಊರಿದೆ ಎಂದೇ ಗೊತ್ತಿರಲಿಲ್ಲ.

ಲಿಲಿ ಅಳುತ್ತಿದ್ದರು. ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಅಪ್ಪನನ್ನು ಕೇಳಿದರು. ತಾತ ನನ್ನ ಫೋನ್ ಎತ್ತಿಕೊಂಡು ವಿಡಿಯೊವನ್ನು ಮತ್ತೆ ಹಾಕಿದರು. ಈ ಸಲ ಕಿವಿಯ ಹತ್ತಿರ ಹಿಡಿದುಕೊಂಡು.

“ಹಿಂದೆ ನಗ್ತಿರೋರು ಯಾರು?”

ನನ್ನ ಫ್ರೆಂಡ್ಸ್, ಅಂದೆ. ಹಾಗೆ ಹೇಳುವಾಗ ಹೊರಟದ್ದು ಸಂಬಳ ಕೇಳುವ ಅದೇ ಕೀರಲು ದನಿ. ತಾತ ತಲೆಯಾಡಿಸಿ ಫೋನ್ ವಾಪಸ್ ಕೊಟ್ಟರು.

ಡಾಕ್ಟರ ಅಪಾಯಿಂಟ್‌ಮೆಂಟನ್ನು ಲಿಲಿ ರದ್ದು ಮಾಡಿದ್ದಾರೆ. ತಾತನಿಗೆ ನಡಿಗೆ ವಾಪಸ್ ಸಿಕ್ಕಿದೆ. ವಿಡಿಯೊ ಅಳಿಸಿದ್ದೇನೆ. (ಅಂಕಲ್ ಫೋನಿನಲ್ಲಿ ಇನ್ನೂ ಇದೆ. ಅವರು ಯಾರ್ಯಾರಿಗೆ ಕಳಿಸಿದ್ದಾರೋ ಅವರಿಗೇ ನೆನಪಿಲ್ಲ.)

ಮೊನ್ನೆ ಶುಕ್ರವಾರ ನಾನೂ ತಾತನ ಜೊತೆ ಹೆಜ್ಜೆ ಹಾಕಿದೆ. ಜೆಟ್ ಬಂತು. ತಾತ ಗೋಡೆಯ ಕಡೆ ಸರಿಯಲಿಲ್ಲ. ಯಾರಾದರೂ ನೋಡುತ್ತಿದ್ದಾರಾ ಎಂದು ಅತ್ತಿತ್ತ ಕಣ್ಣಾಡಿಸಿ, ಎರಡೂ ಕೈಗಳನ್ನು ಪ್ಯಾಂಟಿನ ಜೇಬಿಗೆ ಇಳಿಸಿ, ತುಟಿ ಬಿಗಿಹಿಡಿದು ನಿಂತರು. ಜೇಬಿನೊಳಗೆ ಬಿಗಿದ ಮುಷ್ಟಿ ಬಟ್ಟೆಯ ಮೇಲೆ ಕಾಣುತ್ತಿತ್ತು.

ನಾನು ಗೋಡೆಗೆ ಸರಿದೆ. ಬಗ್ಗಿ, ಕಿವಿಗೆ ಬೆರಳಿಟ್ಟು, ಅವರು ಕಲಿಸಿದಷ್ಟೂ ಅಗಲವಾಗಿ ಬಾಯಿ ತೆರೆದೆ. ಸೈಕಲ್ ಮೇಲೆ ಹೋಗುತ್ತಿದ್ದ ಇಬ್ಬರು ಸ್ಟೂಡೆಂಟ್‌ಗಳು ನೋಡಿ ನಕ್ಕರು.

“ಇನ್ನೂ ಅಗಲ” ಅಂದರು ತಾತ. ಅವರ ಕೈ ಮಾತ್ರ ಜೇಬಿನಿಂದ ಹೊರಗೆ ಬರಲಿಲ್ಲ.

ಆ ಕೈಯನ್ನು ಹೊರಗೆ ತೆಗೆಸುವ ಮಿಮಿಕ್ರಿ ನಿಮ್ಮಲ್ಲಿ ಯಾರಿಗಾದರೂ ಬರುತ್ತದಾ?