ಸಾಬಮ್ಮನ ಟ್ರ್ಯಾಕ್ಟರೂ ಕಬಾಬಿನ ಬೂದಿಯೂ

ಜೀವನ್ ಬಿಮಾ ನಗರದ ಕ್ಲಬ್ಬಿನ ಮೈದಾನದಲ್ಲಿ ಹುಲ್ಲು ಕತ್ತರಿಸುವ ಪುಟ್ಟ ಟ್ರ್ಯಾಕ್ಟರ್ ಮೇಲೆ ಸಾಬಮ್ಮ ಕೂತದ್ದನ್ನು ನೀವು ನೋಡಬೇಕು. ಸೆರಗನ್ನು ಸೊಂಟಕ್ಕೆ ಬಿಗಿದು, ಮೇಲೊಂದು ಗಂಡಸರ ಅಂಗಿ ತೊಟ್ಟು, ತಲೆಗೆ ಟವಲ್ ಸುತ್ತಿ ಹೊರಟಳೆಂದರೆ ವಾಕಿಂಗಿಗೆ ಬಂದ ದೊಡ್ಡವರೆಲ್ಲ ತಾವಾಗಿಯೇ ದಾರಿ ಬಿಡುತ್ತಾರೆ. ಯಾದಗಿರಿ ಕಡೆಯಿಂದ ಗಾರೆ ಕೆಲಸಕ್ಕೆ ಬಂದವಳು, ಆಮೇಲೆ ಈ ಮೈದಾನದಲ್ಲಿ ಕಳೆ ಕೀಳಲು ಸೇರಿದಳು. ಕುಕ್ಕರುಗಾಲಲ್ಲಿ ಕೂತು ಕೂತು ಮೊಣಕಾಲು ಸವೆದವು. ಹಳೆಯ ಡ್ರೈವರ್ ಕೆಲಸ ಬಿಟ್ಟ ದಿನ ಯಾರನ್ನೂ ಕೇಳದೆ ಟ್ರ್ಯಾಕ್ಟರ್ ಹತ್ತಿ ಮೈದಾನ ಒಂದು ಸುತ್ತು ಹೊಡೆದಳು. ಇಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ.

ಹೋದ ವಾರ ಮೈದಾನ ಸಮ ಮಾಡುವ ರೋಲರ್ ಎಳೆಯುವಾಗ ಆ ಟ್ರ್ಯಾಕ್ಟರಿನ ಹಿಂದೆ ಕೊಕ್ಕೆಯನ್ನು ಹಿಡಿದಿರುವ ಬ್ರಾಕೆಟ್ ಟಕ್ಕೆಂದು ಎರಡು ತುಂಡಾಯಿತು. ಅದು ಬೀಡು, ಅಂದರೆ ಎರಕದ ಕಬ್ಬಿಣ. ಗಟ್ಟಿಯೇನೋ ಹೌದು, ಆದರೆ ಮುಂಗೋಪಿ; ಬಗ್ಗುವ ಬದಲು ಒಡೆದೇ ಬಿಡುತ್ತದೆ. ಕೊಕ್ಕೆಯಿಲ್ಲದ ಮೇಲೆ ಹುಲ್ಲಿನ ಯಂತ್ರವನ್ನೂ ಎಳೆಯುವಂತಿಲ್ಲ, ರೋಲರನ್ನೂ ಎಳೆಯುವಂತಿಲ್ಲ. ಹೊಸದು ತರೋಣವೆಂದರೆ ಅಷ್ಟು ಹಳೆಯ ಗಾಡಿಯ ಸಾಮಾನು ಎಲ್ಲೂ ಸಿಗದು.

ಕ್ಲಬ್ಬಿನ ಕಾರ್ಯದರ್ಶಿ ಮಧುಕರ್ ಕೆಟ್ಟವರಲ್ಲ, ತಲೆನೋವು ಬೇಡವೆನ್ನುವ ಜಾತಿ. "ಶನಿವಾರದ ತನಕ ನೋಡ್ತೀನಿ ಸಾಬಮ್ಮ. ಆಗ್ಲಿಲ್ಲ ಅಂದ್ರೆ ಗುಜರಿಗೆ ಕೊಟ್ಬಿಡ್ತೀನಿ. ಹುಲ್ಲು ಹೊಡೆಯೋಕೆ ಕಾಂಟ್ರ್ಯಾಕ್ಟಿನವ್ರು ಬರ್ತಾರೆ" ಎಂದರು.

"ಮತ್ತ ನಾ ಏನ್ ಮಾಡ್ಲಿ ಸಾರ್?"

"ನಿಮ್ಮ ಹಳೇ ಕೆಲ್ಸ ಇದ್ದೇ ಇದ್ಯಲ್ಲ!"

ಹಳೆಯ ಕೆಲಸವೆಂದರೆ ಮತ್ತೆ ಕುಕ್ಕರುಗಾಲು. ಅದಕ್ಕೆ ಒಪ್ಪುವ ಹೆಣ್ಣೇ ಸಾಬಮ್ಮ? ಅಂದೇ ರಸ್ತೆ ಬದಿಯ ವೆಲ್ಡಿಂಗ್ ಅಂಗಡಿಗೆ ಹೋಗಿ ತುಂಡುಗಳಿಗೆ ಬೆಸುಗೆ ಹಾಕಿಸಿದಳು. ಅಷ್ಟಕ್ಕೇ ಸುಮ್ಮನಿದ್ದರೆ ಏನಾಗುತ್ತಿತ್ತೋ. ಬೇಗ ಗಾಡಿಗೆ ಕಟ್ಟಬೇಕೆಂಬ ಆತುರದಲ್ಲಿ ಕಾದ ಬೀಡಿನ ಮೇಲೆ ಒಂದು ಚೊಂಬು ನೀರು ಸುರಿದಳು. ಬೆಸುಗೆಯ ಪಕ್ಕದಲ್ಲೇ ಹೊಸ ಬಿರುಕು ಬಿಟ್ಟಿತು.

ಶುಕ್ರವಾರ ಆ ಬ್ರಾಕೆಟನ್ನು ಚೀಲಕ್ಕೆ ಹಾಕಿಕೊಂಡು ಪುಲಿಕೇಶಿನಗರಕ್ಕೆ ಬಂದಳು. ಮಸೀದಿ ರಸ್ತೆಯ ಹಿಂದಿನ ಓಣಿಯಲ್ಲಿ ಗಯಾಜ್ ಎಂಬಾತನ ಗ್ಯಾಸ್ ವೆಲ್ಡಿಂಗ್ ಅಂಗಡಿ. ಬೀಡು ಕೂಡಿಸುವುದರಲ್ಲಿ ಪಳಗಿದ ಕೈ ಎಂದು ಆಟೋದವರೆಲ್ಲ ಹೇಳುತ್ತಿದ್ದರು.

ಗಯಾಜ್ ಬ್ರಾಕೆಟನ್ನು ತಿರುಗಿಸಿ ನೋಡಿದ. "ಅರೆ, ಇದಕ್ಕೆ ನೀರು ಹಾಕಿದ್ದು ಯಾರು?"

"ನಾನೇ ಹಾಕೀನ್ರಿ ಭಾಯ್. ಬಿಸಿ ಇತ್ತು, ಹಾಕೀನಿ. ಮುಂದ ಏನ್ ಮಾಡ್ಬೇಕು ಹೇಳ್ರಿ."

ಗಯಾಜ್ ಜೋರಾಗಿ ನಕ್ಕ. "ಮಾಡ್ಕೊಡ್ತೀನಕ್ಕ. ಆದ್ರೆ ಒಂದೇ ಷರತ್ತು. ಮಾಡಿದ್ಮೇಲೆ ನಾಳೆ ಬೆಳಿಗ್ಗೆ ತನಕ ನೀವು ಇದನ್ನ ಮುಟ್ಟಂಗಿಲ್ಲ."

ಅವನು ಹಳೆಯ ಬೆಸುಗೆಯನ್ನೆಲ್ಲ ಉಜ್ಜಿ ತೆಗೆದು, ಬಿರುಕಿನ ಬಾಯಿ ಅಗಲ ಮಾಡಿದ. ಬೀಡನ್ನು ಕೆಂಡದ ಮೇಲಿಟ್ಟು ಮೆಲ್ಲಗೆ ಕಾಯಿಸಿದ. ಆಮೇಲೆ ಗ್ಯಾಸಿನ ಉರಿಯಲ್ಲಿ ಹಿತ್ತಾಳೆಯ ಕಡ್ಡಿ ಕರಗಿ ಬಿರುಕಿನೊಳಗೆ ಹರಿಯಿತು. ಅಷ್ಟರಲ್ಲಿ ಪಕ್ಕದ ಕಬಾಬ್ ಅಂಗಡಿಯ ಅಬ್ರಾರ್ ತನ್ನ ಒಲೆಯ ಬಿಸಿ ಬೂದಿಯನ್ನು ಎಣ್ಣೆ ಡಬ್ಬದ ತುಂಬ ತಂದಿಟ್ಟ. ಗಯಾಜ್ ಬ್ರಾಕೆಟನ್ನು ಅದರೊಳಗೆ ಹೂತ. ಆ ಓಣಿಯಲ್ಲಿ ಇದು ರೂಢಿಯೇ. ಬೂದಿಯೊಳಗೆ ಹೂತಿಟ್ಟರೆ ಬೀಡು ನಿಧಾನವಾಗಿ ಆರುತ್ತದೆ, ಬಿರಿಯುವುದಿಲ್ಲ.

"ಪ್ಲೇಟಿಗೆ ಹಾಕ್ಕೊಡ್ಲಾ ಅಕ್ಕ? ಈರುಳ್ಳಿ, ನಿಂಬೆಹಣ್ಣು ಬೇಕಾ?" ಎಂದು ಅಬ್ರಾರ್ ಡಬ್ಬದ ಕಡೆ ಕೈ ತೋರಿಸಿದ.

ಆಗಲೇ ಮಧುಕರ್ ಅವರ ಫೋನು ಬಂತು. ಗುಜರಿ ಟೆಂಪೊ ಬೆಳಿಗ್ಗೆಯೇ ಬರುತ್ತದಂತೆ. ಸಾಬಮ್ಮನ ಕೈ ತಾನಾಗಿ ಡಬ್ಬದ ಕಡೆ ಹೋಯಿತು. ಈಗಲೇ ಒಯ್ದು ಕಟ್ಟಿಬಿಟ್ಟರೆ? ಗಯಾಜ್ ಕಡ್ಡಿಗಳನ್ನು ಎತ್ತಿಡುತ್ತಾ ಅವಳ ಕೈಯನ್ನೇ ನೋಡಿದ. ಅವಳು ಕೈ ಹಿಂದೆಳೆದುಕೊಂಡಳು. ಜೀವಮಾನದಲ್ಲಿ ಅವಳು ಮಾಡಿದ ಕಷ್ಟದ ಕೆಲಸಗಳಲ್ಲಿ ಇದೂ ಒಂದು.

"ಬರ್ಲಿ ಬಿಡ್ರಿ ಸಾರ್. ನಾನೂ ಬರ್ತೀನಿ" ಎಂದು ಫೋನಿಟ್ಟಳು.

ಬೆಳಿಗ್ಗೆ ಬೂದಿಯಿಂದ ತೆಗೆದಾಗ ಬ್ರಾಕೆಟ್ ಇನ್ನೂ ಬೆಚ್ಚಗಿತ್ತು. ಗಯಾಜ್ ಅದನ್ನು ನೇತುಹಾಕಿ ಸುತ್ತಿಗೆಯಿಂದ ತಟ್ಟಿದ. ಒಡಕು ಸದ್ದಿಲ್ಲ, ಖಣ್ ಎಂದಿತು. "ತಗೊಂಡೋಗಿ" ಎಂದ.

ಆಟೋ ಹಿಡಿದು ಬಂದರೆ ಟೆಂಪೊ ಅವಳಿಗಿಂತ ಮೊದಲೇ ಬಂದಿತ್ತು. ಆದರೆ ಹಿಂದಿನ ರಾತ್ರಿ ಮಳೆಯಾಗಿತ್ತು. ಶಿವಾಜಿನಗರದ ಗುಜರಿ ವ್ಯಾಪಾರಿ ರಿಜ್ವಾನ್ ಟೆಂಪೊವನ್ನು ನೇರ ಮೈದಾನದೊಳಗೆ ನುಗ್ಗಿಸಿ, ಹಿಂದಿನ ಚಕ್ರಗಳನ್ನು ಕೆಸರಲ್ಲಿ ಹೂತುಕೊಂಡು ಕೂತಿದ್ದ. ಮಧುಕರ್ ಪ್ಯಾಂಟು ಮಡಚಿ ತಳ್ಳುತ್ತಿದ್ದರು. ಮಧ್ಯಾಹ್ನ ಅಲ್ಲೇ ಮ್ಯಾಚು.

ಸಾಬಮ್ಮ ನೇರ ತನ್ನ ಟ್ರ್ಯಾಕ್ಟರಿನ ಬಳಿಗೆ ಹೋದಳು. ಬ್ರಾಕೆಟ್ ಕೂರಿಸಿ ಬೋಲ್ಟು ಬಿಗಿದಳು. ಟ್ರ್ಯಾಕ್ಟರನ್ನು ಹಿಂದಕ್ಕೆ ತಂದು ಕೊಕ್ಕೆಯಿಂದ ಟೆಂಪೊಗೆ ಸರಪಳಿ ಕಟ್ಟಿದಳು. ಬ್ರಾಕೆಟ್ ಈಗ ಮುರಿದರೆ ತನ್ನ ಗಾಡಿ ಇದೇ ಟೆಂಪೊದಲ್ಲಿ ಹೋಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕ್ಲಚ್ ಅನ್ನು ಕೂದಲೆಳೆಯಷ್ಟೇ ಬಿಡುತ್ತಾ ಬಂದಳು. ಸರಪಳಿ ಬಿಗಿಯಿತು. ಟ್ರ್ಯಾಕ್ಟರ್ ಏದುಸಿರು ಬಿಟ್ಟು ಒಂದು ಗೇಣು ಮುಂದೆ ಬಂತು, ಇನ್ನೊಂದು ಗೇಣು ಬಂತು. ಟೆಂಪೊ ಕೆಸರಿನಿಂದ ಮೇಲೆದ್ದಿತು.

ಅವಳು ನಿಲ್ಲಿಸಲೇ ಇಲ್ಲ. ಅದನ್ನು ಎಳೆದುಕೊಂಡೇ ಗೇಟು ದಾಟಿಸಿ ರಸ್ತೆಗೆ ಬಿಟ್ಟಳು. ಇಳಿದು ಬಂದು ಬೆಸುಗೆಯ ಮೇಲೆ ಬೆರಳಾಡಿಸಿದಳು. ಕೂದಲಷ್ಟೂ ಬಿರುಕಿಲ್ಲ.

ರಿಜ್ವಾನ್ ಹಣೆಯ ಬೆವರು ಒರೆಸಿಕೊಂಡ. "ಇದನ್ನಾ ಸಾರ್ ಗುಜರಿ ಅಂದಿದ್ದು? ಬೇಕಾದ್ರೆ ನನ್ ಟೆಂಪೊನೇ ನೀವು ಇಟ್ಕೊಳ್ಳಿ."

ಮಧುಕರ್ ಕೆಸರು ಮೆತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದರು. "ಸಾಬಮ್ಮ, ಬಿಸಿಲು ಬಂದ್ಮೇಲೆ ಹುಲ್ಲು ಹೊಡೀಬೇಕಿತ್ತು… ಕಾಂಟ್ರ್ಯಾಕ್ಟಿನವ್ರಿಗೆ ನಾನು ಬೇಡ ಅಂತ ಹೇಳ್ತೀನಿ."

ಸಾಬಮ್ಮ ಆಗಲೇ ಮತ್ತೆ ಸೀಟು ಹತ್ತಿ ಕೂತಿದ್ದಳು.

"ಹೇಳ್ರಿ ಸಾರ್. ಆದ್ರ ಸ್ವಲ್ಪ ಬಾಜೂಕ ಸರದು ಹೇಳ್ರಿ. ಗಾಡಿ ತಿರುಗಿಸ್ಬೇಕು."