ಕೆಡಿಸಿದ ಕೈಯಲ್ಲೇ ಸರಿಮಾಡಿಸಿದವರು

ನಮ್ಮ ಮೊಮ್ಮಗಳಿಗೆ ಕೆಲಸ ಸಿಕ್ಕಿತು! ಕೋಲಾರದ ಕಾಲೇಜೊಂದರಲ್ಲಿ ಕಂಪ್ಯೂಟರು ಕೆಟ್ಟರೆ ಇನ್ನು ಮೇಲೆ ನೋಡುವವಳು ಇವಳೇ. ಬೆಳಿಗ್ಗೆ ಕಾಗದ ಬಂತು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನಾನು ಅಕ್ಷರ ಕೂಡಿಸಿ ಕೂಡಿಸಿ ಅದನ್ನು ನಾಲ್ಕು ಸಲ ಓದಿದೆ. ಓದಿದಾಗಲೆಲ್ಲ ಒಬ್ಬರ ಬೆರಳುಗಳೇ ಕಣ್ಣಿಗೆ ಕಟ್ಟಿದವು. ಉಗುರಿನ ಸಂದಿಯಲ್ಲೆಲ್ಲ ಪ್ರಿಂಟರಿನ ಕಪ್ಪು ಪುಡಿ, ಯಾವ ಸೋಪಿಗೂ ಹೋಗದ್ದು.

ಮುಳಬಾಗಿಲಿನಲ್ಲಿ ಅವರದು ಜೆರಾಕ್ಸ್ ಅಂಗಡಿ. ಡಿಗ್ರಿ ಓದುವಾಗ ಇವಳು ಅಲ್ಲಿ ಕೆಲಸ ಕಲಿಯಲು ಹೋಗುತ್ತಿದ್ದಳು. ನಮ್ಮೂರು ದೇವರಾಯಸಮುದ್ರದಿಂದ ಮಂಡಿಗೆ ಟೊಮೇಟೊ ಹಾಕಲು ಬಂದ ದಿನ ನಾನೂ ಅಲ್ಲೇ ಕೂರುತ್ತಿದ್ದೆ. ಅವರ ಕಂಪ್ಯೂಟರನ್ನು ನಡೆಸುತ್ತಿದ್ದದ್ದು ಲಿನಕ್ಸ್ ಅಂತೆ, ದುಡ್ಡು ಕೊಡದೆ ಸಿಗುವ ಸಾಫ್ಟ್‌ವೇರು. ಕೆಟ್ಟರೆ ಅವರು ಅದನ್ನು ತಟ್ಟುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಕನ್ನಡಕ ಏರಿಸಿಕೊಂಡು ತೆರೆಯ ಮೇಲಿನದನ್ನು ಓದುತ್ತಿದ್ದರು.

"ಏನಾಯ್ತು ಅಂತ ಅದೇ ಬರೆದಿಟ್ಟಿರುತ್ತೆ ಅವ್ವಾ. ಓದೋಕೆ ನಮಗೆ ಸೋಮಾರಿತನ."

ಒಂದು ಸಾಯಂಕಾಲ ಇವಳು ಯಾರನ್ನೂ ಕೇಳದೆ ಅಪ್‌ಡೇಟ್ ಹಾಕಿಬಿಟ್ಟಳು. ಮಾರನೇ ಬೆಳಿಗ್ಗೆ, ನಾನೂ ಅಲ್ಲಿದ್ದೆ, ನೋಡಿದರೆ ಕರೀ ತೆರೆ, ಬಿಳೀ ಅಕ್ಷರ, ಅಲ್ಲಿಗೇ ನಿಂತಿದೆ. ಅವತ್ತು ಪರೀಕ್ಷೆ ಅರ್ಜಿಗೆ ಕಡೇ ದಿನ. ಬಾಗಿಲ ತುಂಬ ಹುಡುಗರು. ಇವಳು ಅಳುತ್ತಾ ಬ್ಯಾಗು ತೆಗೆದುಕೊಂಡಳು. "ಇನ್ನು ಕಂಪ್ಯೂಟರ್ ಮುಟ್ಟಲ್ಲ ಅಜ್ಜಿ. ಊರಿಗೆ ಹೋಗೋಣ ನಡಿ."

ನಾನೂ ಎದ್ದೆ. ಅವರು ಅಡ್ಡ ಬಂದರು.

"ಪಾಪಾ, ಕೂತ್ಕೋ. ಕೆಡಿಸಿದ ಕೈಯಲ್ಲೇ ಸರಿಮಾಡು. ಈಗ ಎದ್ದು ಹೋದ್ರೆ ಭಯ ಆ ಕೈಯಲ್ಲೇ ಉಳ್ಕೊಳ್ಳುತ್ತೆ."

ಹಾಗೆ ಹೇಳಿ ತಮ್ಮ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕೂತುಬಿಟ್ಟರು! ನನ್ನ ಕಡೆ ತಿರುಗಿ, "ಕಂಪ್ಯೂಟರೊಳಗಿನ ಕರ್ನಲ್ ಅಂದ್ರೆ ಮನೆ ಯಜಮಾನಿ ಇದ್ದಂಗೆ ಅವ್ವಾ. ಎಲ್ಲಾ ಅವಳ ಮಾತಲ್ಲೇ ನಡೀಬೇಕು. ಅಪ್‌ಡೇಟಲ್ಲಿ ಬಂದ ಹೊಸಬಳಿಗೆ ಈ ಮನೆ ಒಗ್ಗಲಿಲ್ಲ. ಹಳಬಳು ಒಳಗೇ ಇದಾಳೆ, ಕರೀಲಿ" ಅಂದರು.

ಇವಳು ಮತ್ತೆ ಆನ್ ಮಾಡಿ, ಪಟ್ಟಿಯಲ್ಲಿ ಹಳೇ ಕರ್ನಲ್ ಆರಿಸಿದಳು. ಕಂಪ್ಯೂಟರು ಎದ್ದಿತು. ಪ್ರಿಂಟರು ಮಾತ್ರ ಉಸಿರೆತ್ತಲಿಲ್ಲ.

"ಇನ್ನೊಂದ್ಸಲ ಒತ್ತೇ!" ಅಂದೆ ನಾನು. ಹುಡುಗರೂ ಅದನ್ನೇ ಕೂಗಿದರು.

"ತೊಂದರಪಡೊದ್ದು!" ಅಂತ, ಅಂದರೆ ಅವಸರ ಬೇಡ ಅಂತ, ತೆಲುಗಿನಲ್ಲಿ ಅವರು ನಮ್ಮೆಲ್ಲರನ್ನೂ ಗದರಿದರು. "ಅವಸರಪಟ್ಟು ಹತ್ತು ಸಲ ಒತ್ತಿದ್ರೆ ಹತ್ತು ಪ್ರಿಂಟು ಬಂದು ಸಾಲಲ್ಲಿ ನಿಲ್ಲುತ್ತೆ, ಅಷ್ಟೇ. ಪಾಪಾ, ಸಾಲಿನ ಮುಂದೆ ನಿಂತಿರೋದು ಯಾವುದು ನೋಡು."

ಹಿಂದಿನ ದಿನದ ಪ್ರಿಂಟೊಂದು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಅದೊಂದನ್ನೇ ತೆಗೆದಳು. ನಿಂತಿದ್ದ ಪ್ರಿಂಟರಿಗೆ ಮತ್ತೆ ನಡೆ ಅಂದಳು. ಕಾಗದಗಳು ಬರಬರನೆ ಉದುರಿದವು. ಆಮೇಲೇ ಅವರು ಕೈ ಹೊರಗೆ ತೆಗೆದದ್ದು. ಪಾಪ, ಜೋಮು ಹಿಡಿದಿತ್ತು, ಉಜ್ಜಿಕೊಳ್ಳುತ್ತಿದ್ದರು. ಎರಡೇ ನಿಮಿಷದಲ್ಲಿ ತಾವೇ ಮಾಡಿ ಮುಗಿಸಬಹುದಿತ್ತು. ನಮ್ಮ ಹುಡುಗಿಗೋಸ್ಕರ ಅಷ್ಟು ಜನರ ಬೈಗುಳ ತಿಂದುಕೊಂಡು ಕೂತಿದ್ದರು.

ಅವರು ಹೋಗಿ ಒಂದು ವರ್ಷವಾಯಿತು. ಎದೆನೋವು ಅಂದವರು ಆಸ್ಪತ್ರೆ ಮುಟ್ಟಲಿಲ್ಲ. ಈ ಕಾಗದ ಅವರ ಕೈಗೆ ಕೊಡಲು ಆಗಲಿಲ್ಲವಲ್ಲ ಅನ್ನುವುದೊಂದೇ ಈ ಸಂತೋಷದೊಳಗಿನ ನೋವು.

ಮಧ್ಯಾಹ್ನ ಮೊಮ್ಮಗಳು ಹೋಗಿ ಅವರ ಹೆಂಡತಿಯನ್ನು ಕರೆದುಕೊಂಡು ಬಂದಳು. ಸಾಯಂಕಾಲ ಮನೆಮಂದಿಯೆಲ್ಲ ಒಟ್ಟಿಗೆ ಕೂತೆವು. ಮುದ್ದೆ, ಅವರೆಕಾಳಿನ ಸಾರು, ಒಂದಿಷ್ಟು ಪಾಯಸ. ಗಂಡ ಹೋದ ಮೇಲೆ ಊಟವೇ ಸೇರಲ್ಲ ಅನ್ನುತ್ತಿದ್ದ ಆಯಮ್ಮ ಕಾಗದವನ್ನು ಕಣ್ಣಿಗೊತ್ತಿಕೊಂಡು ಮಡಿಲಲ್ಲಿ ಇಟ್ಟುಕೊಂಡೇ ಉಂಡರು. ತಟ್ಟೆ ಖಾಲಿಯಾದ ಮೇಲೆ ಮೆಲ್ಲಗೆ ನನ್ನ ಸೊಸೆಯನ್ನು ಕೇಳಿದರು: "ಇನ್ನರ್ಧ ಮುದ್ದೆ ಇದೆಯೇನಮ್ಮಾ?"