ಹೊಸಿಲು ಮುಳುಗಬಾರದೆಂದು

ನಾನು ನಿಂತಿದ್ದದ್ದು ಗುಂಡ್ಲುಪೇಟೆಯ ನಮ್ಮ ಮನೆಯ ಜಗಲಿಯ ಮೇಲೆ, ಬಾಗಿಲಿಗೆ ನಾಲ್ಕು ಹೆಜ್ಜೆ ಈಚೆ. ಶುಕ್ರವಾರ, ಬೆಳಿಗ್ಗೆ ಹನ್ನೊಂದೂ ಕಾಲು. ಚಾಮರಾಜನಗರದ ಬಸ್ಸಿಳಿದು ನೇರ ಬಂದಿದ್ದೆ, ಚಪ್ಪಲಿ ಕೂಡ ಬಿಟ್ಟಿರಲಿಲ್ಲ. ನೆಲ ಕೊಯ್ಯುವ ಗ್ರೈಂಡರ್ ಸದ್ದು ಆಗಷ್ಟೇ ನಿಂತಿತ್ತು. ಬಾಗಿಲಿನಿಂದ ಬೂದು ಬಣ್ಣದ ದೂಳು ಹೊರಗೆ ಬರುತ್ತಿತ್ತು. ಒಳಗೆ ಅತ್ತಿಗೆ ಕುಕ್ಕರಗಾಲಿನಲ್ಲಿ ಕೂತು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಪೊರಕೆಯಲ್ಲಿ ಆ ದೂಳನ್ನು ಗುಡಿಸುತ್ತಿದ್ದರು. ಮೂಗಿಗೆ ಏನೂ ಕಟ್ಟಿಕೊಂಡಿರಲಿಲ್ಲ.

ಇದೊಂದು ಆಗಬಾರದೆಂದೇ ನಾನು ಒಂದು ತಿಂಗಳು ಓಡಾಡಿದ್ದೆ.

ನಮ್ಮ ಹಜಾರದ ನೆಲ ಕಪ್ಪು ಬಿಳಿ ಚೌಕಗಳದ್ದು. ಅಪ್ಪ ಕಟ್ಟಡದ ಗುತ್ತಿಗೆ ಹಿಡಿಯುತ್ತಿದ್ದ ಕಾಲದಲ್ಲಿ ಯಾವುದೋ ಕಚೇರಿಗೆ ತರಿಸಿ ಉಳಿದದ್ದನ್ನು ಇಲ್ಲಿ ಹಾಕಿಸಿದ್ದರು. ಬಣ್ಣ ಹೋಗಿತ್ತು, ಹೊಸ ಟೈಲ್ಸ್ ಹಾಕಿಸೋಣವೆಂದುಕೊಂಡೆವು. ಅಟ್ಟದಲ್ಲಿ ಹಳೆಯ ಚೌಕಗಳ ಒಂದು ರಟ್ಟಿನ ಡಬ್ಬ ಸಿಕ್ಕಿತು. ಅದರ ಮಗ್ಗುಲಲ್ಲಿ ಆಸ್ಬೆಸ್ಟಾಸ್ ಎಂದು ಅಚ್ಚಾಗಿತ್ತು, ಚಾವಣಿಯ ಶೀಟುಗಳಲ್ಲಿ ಇರುವ ಅದೇ ನಾರು. ನಾನು ಚಾಮರಾಜನಗರದಲ್ಲಿ ಕಾಲೇಜೊಂದರ ಪ್ರಯೋಗಾಲಯದ ಸಹಾಯಕ. ಅಲ್ಲಿಯ ಕೆಮಿಸ್ಟ್ರಿ ಮೇಷ್ಟ್ರಿಗೆ ತೋರಿಸಿದೆ. ಸುಮ್ಮನಿದ್ದರೆ ಅದು ಏನೂ ಮಾಡುವುದಿಲ್ಲ, ಒಡೆದರೆ ಕಣ್ಣಿಗೆ ಕಾಣದ ಎಳೆಗಳು ಏಳುತ್ತವೆ, ಶ್ವಾಸಕೋಶಕ್ಕೆ ಹೋದವು ಅಲ್ಲೇ ಉಳಿಯುತ್ತವೆ, ಮುಟ್ಟದೆ ಮೇಲೆಯೇ ಹೊಸದು ಹಾಕಿಸಿ ಎಂದರು.

ನನಗೆ ಹೆದರಿಕೆ ಇದ್ದದ್ದು ಅತ್ತಿಗೆಯ ವಿಷಯದಲ್ಲಿ. ಹಿಂದೆ ಅವರಿಗೆ ಕ್ಷಯ ಬಂದು ವಾಸಿಯಾಗಿತ್ತು. ಮಹಡಿ ಹತ್ತುವಾಗ ಇವತ್ತಿಗೂ ನಡುವೆ ಒಮ್ಮೆ ನಿಲ್ಲುತ್ತಾರೆ.

ಬೇಗೂರಿನ ಮೇಸ್ತ್ರಿಗೆ ಎರಡು ಸಲ ಹೇಳಿದೆ. ಗಮ್ ಹಾಕಿ ಹಳೆಯ ನೆಲದ ಮೇಲೆಯೇ ಕೂರಿಸುತ್ತೇನೆ, ಒಂದು ಚೂರೂ ಕೀಳುವುದಿಲ್ಲ ಎಂದು ಒಪ್ಪಿದ. ಅಣ್ಣನಿಗೂ ವಿವರವಾಗಿ ಹೇಳಿದೆ. ಆಯ್ತು ಎಂದ.

ನಾವು ಯಾರೂ ಯೋಚಿಸದೆ ಇದ್ದದ್ದು ಹೊಸಿಲಿನ ಬಗ್ಗೆ. ಅದು ನೆಲದಿಂದ ಒಂದೇ ಇಂಚು ಮೇಲಿತ್ತು. ಹೊಸ ಟೈಲ್ಸು, ಗಮ್ಮು ಸೇರಿದರೆ ನೆಲವೇ ಮುಕ್ಕಾಲು ಇಂಚು ಏರುತ್ತದೆ, ಹೊಸಿಲು ಕಾಣುವುದು ಕಾಲೇ ಇಂಚು. ಅತ್ತಿಗೆ ಪ್ರತಿ ಶುಕ್ರವಾರ ತೊಳೆದು, ಅರಿಶಿನ ಹಚ್ಚಿ, ಹೂವಿಡುವ ಹೊಸಿಲು ಅದು. ಆ ಬೆಳಿಗ್ಗೆ ಮೇಸ್ತ್ರಿ ಅಳತೆಗೆಂದು ಒಂದು ಟೈಲ್ಸ್ ಇಟ್ಟಾಗ ಅವರು ನೋಡಿದರು; ಹೊಸಿಲು ಮುಳುಗಿಸಬೇಡಿ ಎಂದು ಅಣ್ಣನಿಗೆ ಹೇಳಿದರು. ಬಾಗಿಲ ಬಳಿಯ ಎರಡು ಸಾಲು ಕಿತ್ತು ತಗ್ಗು ಮಾಡು ಎಂದು ಅಣ್ಣ ಮೇಸ್ತ್ರಿಗೆ ಹೇಳಿದ. ಉಳಿಗೆ ಬಾರದಿದ್ದಕ್ಕೆ ಮೇಸ್ತ್ರಿ ಗ್ರೈಂಡರ್ ಹಿಡಿದ. ನೀರೂ ಹಾಕಲಿಲ್ಲ.

ಇದನ್ನೆಲ್ಲ ನಾನು ಆಮೇಲೆ ಕೇಳಿ ತಿಳಿದೆ. ಆ ಹೊತ್ತಿಗೆ ನಾನೇ ಕಂಡದ್ದನ್ನು ಮಾತ್ರ ಖಚಿತವಾಗಿ ಹೇಳಬಲ್ಲೆ. ಮೇಸ್ತ್ರಿ ಮೂಗಿಗೆ ಒದ್ದೆ ಟವೆಲ್ ಬಿಗಿದುಕೊಂಡಿದ್ದ. ಅಣ್ಣ ದೂಳು ತಾಗದಂತೆ ಗೇಟಿನ ಹತ್ತಿರ ನಿಂತಿದ್ದ. ತಮ್ಮ ತಮ್ಮ ಮೂಗು ಕಾಪಾಡಿಕೊಳ್ಳುವಷ್ಟು ಇಬ್ಬರಿಗೂ ಗೊತ್ತಿತ್ತು. ಅದನ್ನು ನಾನು ಕ್ಷಮಿಸಿಲ್ಲ.

ಅತ್ತಿಗೆಯ ಕೈಯಿಂದ ಪೊರಕೆ ಕಿತ್ತುಕೊಂಡು ಹೊರಗೆ ಕರೆತಂದೆ. ಮೇಸ್ತ್ರಿ ನನ್ನ ಮುಖ ನೋಡದೆ, "ಅಣ್ಣಾರು ಹೇಳುದ್ರು ಸಾ, ಯಜಮಾನ್ರು ಅವ್ರಲ್ವಾ" ಎಂದ. ಅಣ್ಣ ಗೇಟಿನಿಂದಲೇ ನಕ್ಕ.

"ಎರಡು ಸಾಲು ಕಿತ್ತುದ್ಕೆ ಮನೆಗೇ ಬೆಂಕಿ ಬಿದ್ದಂಗೆ ಆಡ್ತಿಯಲ್ಲಲಾ. ಊರ್ ತುಂಬ ಶೀಟಿನ ಮನೆಗಳವೆ, ಯಾರ್ ಸತ್ತವ್ರೆ?"

ಆಗ ನಾನು ಅವನಿಗೆ ಅಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಒಡಹುಟ್ಟಿದವನಿಗೆ ಆಡುವ ಮಾತಲ್ಲ ಅವು. ಹಿಂದಕ್ಕೆ ತೆಗೆದುಕೊಂಡೂ ಇಲ್ಲ.

ಅತ್ತಿಗೆ ಜಗಲಿಯಲ್ಲಿ ಕೂತು ಕೇಳುತ್ತಿದ್ದರು. ರೆಪ್ಪೆಯ ಮೇಲೆಲ್ಲ ದೂಳು. ಆ ನೆಲದಲ್ಲಿ ಏನಿದೆ ಎಂದು ಕೇಳಿದರು. ಹೇಳಿದೆ. ನನ್ನ ಕಡೆಗೇ ತಿರುಗಿದರು.

"ನೀನು ನಿಮ್ಮಣ್ಣಾರ್ಗೆ ಯೋಳಿದ್ದೆ, ಮೇಸ್ತ್ರಿಗೆ ಯೋಳಿದ್ದೆ. ದಿನಾ ಗುಡ್ಸೋಳು ನಾನು. ನಂಗ್ಯಾಕಪ್ಪ ಯೋಳ್ನಿಲ್ಲ ನೀನು? ಗೊತ್ತಿದ್ರೆ ಒಸ್ಲು ಮುಳುಗುದ್ರೂ ಮುಳುಗ್ಲಿ ಬುಡಿ ಅಂತಿದ್ದೆ."

ಹೆದರಿಯಾರು ಎಂದು ಹೇಳಲಿಲ್ಲ ಎನ್ನಬಹುದಿತ್ತು, ಅದು ಸುಳ್ಳು. ಹೇಳಬೇಕೆಂದು ಹೊಳೆದೇ ಇರಲಿಲ್ಲ. ಕಟ್ಟಡ ಕೆಲಸದ ಮಾತು ಗಂಡಸರ ನಡುವೆ ಮುಗಿಯುತ್ತದೆ ಎಂದು ನಾನೂ ನಡೆದುಕೊಂಡಿದ್ದೆ. ಅಣ್ಣನ ಮೇಲೆ ಕೂಗಿದ್ದರಲ್ಲಿ ಅರ್ಧ ನನಗೇ ಸೇರಬೇಕಾದದ್ದು.

ಉಳಿದ ದೂಳಿಗೆ ನೀರು ಚಿಮುಕಿಸಿ ನಾನೇ ಬಟ್ಟೆಯಲ್ಲಿ ಒರೆಸಿದೆ. ಮುಂದಿನ ವಾರ ಅತ್ತಿಗೆಯನ್ನು ಚಾಮರಾಜನಗರದಲ್ಲಿ ಡಾಕ್ಟರಿಗೆ ತೋರಿಸಿದೆ. ಒಂದು ದಿನದ ದೂಳು, ಏನೂ ಆಗದಿರುವ ಸಂಭವವೇ ಹೆಚ್ಚು. ಆಗುವುದಿದ್ದರೂ ತಿಳಿಯಲು ಎಷ್ಟೋ ವರ್ಷ ಬೇಕು, ಇವತ್ತು ಯಾವ ಪರೀಕ್ಷೆಯೂ ಹೇಳುವುದಿಲ್ಲ ಎಂದರು.

ಆ ಬೆಳಿಗ್ಗೆ ಅದನ್ನು ಕಂಡವರೆಲ್ಲ ಬದುಕಿದ್ದಾರೆ. ಮೇಸ್ತ್ರಿ ಬೇಗೂರಿನಲ್ಲಿದ್ದಾನೆ, ಕೆಲಸ ಮಾಡುತ್ತಾನೆ. ಅಣ್ಣ ಇದ್ದಾನೆ, ಆ ದಿನದ ಮಾತು ಬಂದರೆ ಎದ್ದು ಹೋಗುತ್ತಾನೆ. ಅತ್ತಿಗೆ ಇದ್ದಾರೆ. ಕೆಮ್ಮು ಬಂದಾಗ, ನಾನು ಕೇಳುವ ಮೊದಲೇ, ಬರೀ ನೆಗಡಿ ಕಣಪ್ಪ ಎನ್ನುತ್ತಾರೆ.